ಓದು, ಓಡು

ಗ್ರಿಮ್ಸ್‌ಬಿಯ ಮೀನುಬಂದರಿನಲ್ಲಿ ರಾತ್ರಿ ಎರಡೂ ಕಾಲು.
ಐಸ್ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ,
ಗೋಡೆಗಿನ್ನೂ ಅಮೋನಿಯಾ ವಾಸನೆ;
ನನ್ನೊಬ್ಬಳ ಮೂಗಿಗೇ ಅಂತೆ, ಟ್ರೇಸಿ ನಗುತ್ತಾಳೆ.
ಉಬ್ಬರ ಅಳೆಯುವ ಕಂಬದಿಂದ ಕಿತ್ತು ತಂದ ಕಾರ್ಡು
ಉಗುರಿನಷ್ಟಗಲ. ಅದರೊಳಗೆ ಆರು ದಿನದ ಸಮುದ್ರ,
ಮತ್ತೆ ನೆವಿಲ್ ಬ್ಲಾಂಚರ್ಡ್ ನಿವೃತ್ತನಾಗುವ ಮುಂಚೆ
ಬರೆದಿಟ್ಟ ನಲವತ್ತೊಂದು ಸಾಲಿನ ಸ್ಕ್ರಿಪ್ಟು.

ಹೆಸರು ಹಿಡಿದು ಕರೆದೆ. ಏಳಲಿಲ್ಲ.
ಅನುಮತಿ ಇಲ್ಲ, ಎಂದಿತು ಪರದೆ.
ಯಾರ ಅನುಮತಿ? ಈ ಯಂತ್ರದ ಯಜಮಾನಿ ನಾನೇ,
ಪಾಸ್‌ವರ್ಡೂ ನನ್ನದೇ, ಅದರಲ್ಲೊಂದು ಉಪ್ಪಿಟ್ಟೂ ಇದೆ.
ಸರಿ, ಕೊಟ್ಟೆ ಅನುಮತಿ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಪಟ್ಟಿ ತೆಗೆಸಿ ನೋಡಿದರೆ ಎಕ್ಸ್ ಇರಬೇಕಾದಲ್ಲಿ
ಅದೇ ಅಡ್ಡಗೆರೆ.
ಸುಡೋ ಹಚ್ಚಿ ಗದರಿಸಿ ಇನ್ನೊಮ್ಮೆ ಕೊಟ್ಟೆ.
ನೀರಿನ ಮೇಲೆ ರುಜು ಹಾಕಿದ ಹಾಗೆ.

ತಡವಾಗಿ ಹೊಳೆಯಿತು: ಇದು ನಿರಾಕರಣೆಯಲ್ಲ.
ಈ ಕಾರ್ಡಿನ ದಫ್ತರದಲ್ಲಿ ಆ ಕಲಮೇ ಇಲ್ಲ.
ಕಂಬದ ಬಡಪಾಯಿ ಪೆಟ್ಟಿಗೆ ಬಲ್ಲದ್ದು ಹಳೆಯ ಫ್ಯಾಟ್ ಒಂದನ್ನೇ;
ಹೆಸರು, ತಾರೀಕು, ಗಾತ್ರ ಬರೆದರೆ ಪುಟ ಮುಗಿಯಿತು.
ಯಾರದು, ಯಾರು ಮುಟ್ಟಬಹುದು, ಯಾರು ನಡೆಸಬಹುದು,
ಬರೆದುಕೊಳ್ಳಲು ಸಾಸಿವೆಯಷ್ಟು ಜಾಗವಿಲ್ಲ.
ಕಾರ್ಡನ್ನು ಒಳಗೆ ಬಿಟ್ಟುಕೊಳ್ಳುವಾಗ ಹೊಸಿಲಲ್ಲೇ
ಎಲ್ಲರಿಗೂ ಸೇರಿಸಿ ಒಂದು ಮಾತು ಹೇಳಿಯಾಗಿದೆ:
ಬನ್ನಿ, ಕೂತಿರಿ, ಏಳಬೇಡಿ.
(ಈ ದೇಶಕ್ಕೆ ಬಂದ ಮೊದಲ ವರ್ಷ
ನನ್ನ ಕಾಗದದಲ್ಲೂ ಇಂಥದೊಂದು ವಾಕ್ಯವಿತ್ತು.
ಬಿಡಿ, ಅದು ಬೇರೆ ಕತೆ.)

ಕೆಳಗಿನಿಂದ ಟ್ರೇಸಿ ಕೂಗಿದಳು:
ತಡೆಬಾಗಿಲು ಇಳಿಸಲೋ, ಬೇಡವೋ?
ಹಂಬರ್ ನದಿಯ ಬಾಯೊಳಗೆ ಉತ್ತರದ ಗಾಳಿ ಕೈ ಹಾಕಿತ್ತು.

ಹುನಗುಂದದ ಸಾಲಿಯಲ್ಲಿ ಹಳಪೇಟಿ ಟೀಚರ್ ಹೇಳುತ್ತಿದ್ದರು,
ನಾಲಿಗಿ ಹಲ್ಲಿಗೆ ತಾಗಿದ್ರ ಓದು,
ಅಂಗಳಕ್ಕ ಮಡಿಚಿದ್ರ ಓಡು,
ನಡುವ ಅರ್ಧ ಬಟ್ಟಿನ ದಾರಿ.
ಆಟಕ್ಕೆ ಸೇರಿಸಿಕೊಳ್ಳದ ಹುಡುಗರ ಮೇಲೆ ಚಾಡಿ ಒಯ್ದರೆ,
ಓಡಾಕ ಬಿಡದಿದ್ರ ಓದ್ಕೋತ ಕೂಡು.

ಓಡು ಅನ್ನುವುದನ್ನು ಬಿಟ್ಟೆ.
ಶೆಲ್ಲನ್ನೇ ಕರೆದೆ. ಅದಕ್ಕೆ ಕಾಲಿದೆ,
ಈಚೆಯ ಡಿಸ್ಕಿನಲ್ಲಿ ಅದರ ಎಕ್ಸ್ ಗಟ್ಟಿಯಾಗಿದೆ.
ಇಗೋ ಕಡತ, ಇದನ್ನು ಓದು, ಎಂದೆ.
ಓದುವುದಕ್ಕೆ ಯಾರ ತಕರಾರೂ ಇರಲಿಲ್ಲ.
ಒಂದು ಸಾಲು ಓದಿತು, ಮಾಡಿತು.
ಇನ್ನೊಂದು ಓದಿತು, ಮಾಡಿತು.
ಏಳನೆಯ ಸಾಲಲ್ಲಿ ಯಂತ್ರ ದಾಟಿಹೋಗುವ ನೆವಿಲ್‌ನ ಟಿಪ್ಪಣಿ:
ಅಂಕಿ ಕೆಟ್ಟರೆ ಕಂಬವನ್ನು ಬಯ್ಯಬೇಡ, ಪಾಚಿ ಒರೆಸು.
ಸ್ಕ್ರಿಪ್ಟು ಮಾತ್ರ ಕೂತಲ್ಲಿಂದ ಕದಲಲಿಲ್ಲ,
ಅದರ ಕೆಲಸವೆಲ್ಲ ಬೇರೆಯವರ ಬಾಯಲ್ಲಿ ಆಗುತ್ತಿತ್ತು.

ಎಚ್ಚರಿಕೆಯ ಗೆರೆಗಿಂತ ಹನ್ನೊಂದು ಸೆಂಟಿಮೀಟರು ಮೇಲೆ.
ಇಳಿಸು! ಎಂದು ಕಿಟಕಿಯಿಂದ ಕೂಗಿದೆ.
ಸರಪಳಿಯ ಸದ್ದು ಬಹಳ ಹೊತ್ತು ಕೇಳಿಸಿತು.

ಬೆಳಿಗ್ಗೆ ನೆವಿಲ್ ಫೋನು. ಓಡಿತಾ ನನ್ನದು?
ಓಡಲಿಲ್ಲ, ಓದಿಸಿದೆ ಅಂದು
ಎರಡೂ ಪದ ಕನ್ನಡದಲ್ಲೇ ಹೇಳಿಕೊಟ್ಟೆ.
ಅವನು ಎರಡು ಸಲ ಹೇಳಿ ನೋಡಿದ.
ಒಂದೇ ಪದ ಅಲ್ಲವೇ ಇದು?

ಟೀಚರ್ ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.
ನಿನ್ನೆ ರಾತ್ರಿಯ ಮಟ್ಟಿಗೆ ಹೌದು, ಅಂದೆ.