ರೋಕಡ್ ಪುಸ್ತಕದ ಹಿಂದಿನ ಹಾಳೆ

ಚಮನ್‌ಸಾಬ, ನೆನಪಿದೆಯೇನೋ?
ಲ್ಯಾಬಿನಿಂದ ಎತ್ತಿ ತಂದ ಗೈಗರ್ ಕೌಂಟರು
ನಿನ್ನ ಸ್ವೆಟರಿನೊಳಗೆ ಕದ್ದ ಕೋಳಿಯಂತೆ ಸುಮ್ಮನಿತ್ತು.
ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲು,
ಕರೆಂಟು ಹೋಗಿ ಒಲೆಗಳ ಬಾಯಷ್ಟೇ ಕೆಂಪು.

ಒಂದೇ ನಿಮಿಷ ಅಂದು, ಅಕ್ಕಿಮೂಟೆಯ ಕೋಣೆ ಹೊಕ್ಕು
ತಗಡಿನ ಬಾಗಿಲು ಎಳೆದುಕೊಂಡೆ.
ಟಿಕ್ ಅಂದರೆ ಅಂದಿತು, ಇಲ್ಲದಿದ್ದರೆ ಇಲ್ಲ.
ಒಳಗಿದ್ದವನಿಗೆ ಎರಡರಲ್ಲಿ ಒಂದೇ.

ಹೊರಗೆ ನಾನು, ಲಾಟೀನಿನ ಕೆಳಗೆ,
ನಿನ್ನಪ್ಪನ ರೋಕಡ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ:
ಕೇಳಿದ ಚಮನ್‌ಸಾಬ, ಕೂಡು ಚಿಹ್ನೆ, ಕೇಳದ ಚಮನ್‌ಸಾಬ.
ನಿನ್ನ ಬೆವರು, ಬೀಡಿ, ಬಿರಿದ ಹಿಮ್ಮಡಿ, ಎಲ್ಲ ಎರಡೆರಡು ಸಲ.
ಅಣುವಿಗೊಂದು ಕಾನೂನು, ಆಸಾಮಿಗೊಂದು ಇಲ್ಲವಲ್ಲ.

‘ನಾನೂ ಬಿಎಸ್ಸಿ ಎರಡನೇ ವರ್ಷದ ತನಕ ಓದಿದೋನೇ ಕಣಲೇ,’
ಒಳಗಿಂದ ಕೂಗಿದೆ, ‘ನೀ ಏನು ಬರಿತಿದೀಯ ಗೊತ್ತೈತಿ.
ಬರಕೋ. ಇಲ್ಲಿ ನಾನೊಬ್ಬನೇ ಇದೀನಿ.’

ಅಲ್ಲಿಗೆ ಬಿಡಬಹುದಿತ್ತು.
ಹೆಪ್ಪಿಗೆಂದು ಪಕ್ಕದ ಮನೆಯಿಂದ ಚಮಚ ಮೊಸರು ತಂದಂತೆ
ನಿನ್ನ ಖಚಿತವನ್ನು ಕಡ ತಂದು ನನ್ನದಕ್ಕೆ ಬೆರೆಸಿದೆ.
ನನ್ನದನ್ನು ಮಹಡಿಯ ಮೇಲೆ ನಿಂತಿದ್ದ ನಿನ್ನಮ್ಮನಿಗೆ ದಾಟಿಸಿದೆ.
ಅವಳ ಪಾಲಿಗೆ ಈ ಓಣಿಯೇ ಮುಚ್ಚಿದ ಡಬ್ಬಿ,
ನಾನೂ ಒಂದು ಕೂಡು ಚಿಹ್ನೆಯ ಎರಡು ಬದಿ.
ಮುಚ್ಚಳ ತೆಗೆದರೆ ಹಾಲು ಒಡೆದಿತ್ತು:
ಒಂದೇ ಸಾಲಿನಲ್ಲಿ ಹೌದು,
ಅದೇ ಸಾಲಿನಲ್ಲಿ ಅಲ್ಲ.

ಮೂರು ಲೆಕ್ಕ. ಒಂದರಲ್ಲೂ ತಪ್ಪಿಲ್ಲ.
ಒಂದೇ ಪುಸ್ತಕಕ್ಕೆ ಇಳಿಸಿದರೆ ಮಾತ್ರ ತಾಳೆಯಾಗುವುದಿಲ್ಲ.
ಏನನ್ನು ಬಿಡಲಿ? ಕಾನೂನು ಎಲ್ಲರಿಗೂ ಒಂದೇ ಅನ್ನುವುದನ್ನೇ,
ಆದದ್ದು ಒಂದೇ ಸಲ ಆಯಿತು ಅನ್ನುವುದನ್ನೇ,
ನಿನ್ನ ಮಾತು ನನ್ನ ಬಾಯಲ್ಲೂ ನಿಜ ಅನ್ನುವುದನ್ನೇ?
ಕೊನೆಯದನ್ನು ಬಿಡುವುದು ಸುಲಭ ಅನ್ನುತ್ತಾರೆ ಕೆಲವರು.
ಅವರಿಗೆ ಗೆಳೆಯರಿಲ್ಲ.

ಮೇಲಿಂದ ಜೈತುನ್‌ಬಿ: ‘ಎರಡೂ ಹುಚ್ಚು ಹಿಡಿದಾವು!
ಮರಳು ಕಾದೈತಿ, ಅಕ್ಕಿ ಹಾಕೋರು ಯಾರು?’

ಬಂದೆ. ಹುಬ್ಬಿನ ಮೇಲೆ ಹೊಟ್ಟಿನ ಧೂಳು.
ಜರಡಿ ಹಿಡಿದು, ಅರಳದೆ ಉಳಿದ ಕಾಳು ಬೇರೆ ಮಾಡುತ್ತ ಅಂದೆ:
‘ನಾನು ಕೇಳಿದ್ದನ್ನ ನೀನು ಕೇಳಬೇಡ.
ಲೆಕ್ಕ ಕೆಡ್ತದೆ.’

ಹತ್ತೊಂಬತ್ತು ವರ್ಷ. ಈಗಲೂ ತರಗತಿಯಲ್ಲಿ
ಆ ಚಿಹ್ನೆಯ ಹತ್ತಿರ ಸೀಮೆಸುಣ್ಣ ಒಂದು ಗಳಿಗೆ ತಡೆಯುತ್ತದೆ.
ಹಾಳೆ ಇದ್ದಿದ್ದರೆ ತೋರಿಸುತ್ತಿದ್ದೆ.
ಮಾರನೇ ದಿನವೇ ನಿನ್ನಪ್ಪ ಅದನ್ನು ಹರಿದು,
ಪೊಟ್ಟಣ ಸುತ್ತಿ, ಯಾರಿಗೋ
ಮಂಡಕ್ಕಿ ಕಟ್ಟಿಕೊಟ್ಟರು.