ಹಾಸು ಹೊಕ್ಕು

ಗುಳೇದಗುಡ್ಡದಾಗ ನಮ್ಮ ಮನಿ ಮಗ್ಗದ ಕುಣಿ
ಆರು ವರ್ಷದಿಂದ ಖಾಲಿ ಬಿದ್ದಿತ್ತು.
ಲಾಳಿ ಗೂಟಕ್ಕ, ಫಣಿ ಅಟ್ಟಕ್ಕ.
ಅತ್ತಿ ಕಾಲು ಇಳಿಬಿಟ್ಟು ನೇಯತಿದ್ದ ಆ ತಗ್ಗಿನಾಗ
ಶೇಂಗಾ ಸಿಪ್ಪಿ ಹರವಿ, ಬಲ್ಬು ಜೋತುಬಿಟ್ಟು
ಅರವತ್ತು ಗಿರಿರಾಜ ಮರಿ ಬಿಟ್ಟೆ.
ಹಾಸು ಹಾಕೀನಿ ಅಂದೆ. ಅತ್ತಿ ನಕ್ಕಳು:
"ಹಾಸು ಹಾಕೀದಿ, ಹೊಕ್ಕು ಎಲ್ಲಿ?"

ಮರಿ ಬೆಳೆದವು. ಕುಣಿ ಬೆಳೀಲಿಲ್ಲ.
ಮಿರಗದ ಮಳಿ ಗ್ವಾಡಿ ಸಂದಿನಿಂದ ಇಳೀತು.
ನಾನರ ಏನು ಮಾಡಿದೆ?
ನೀರಡಿಸ್ಯಾವು ಅಂತ ದಿನಕ್ಕ ಮೂರು ಸಲ
ಪರಾತ ತುಂಬಿಸಿದೆ, ತುಳುಕೋ ಹಂಗ.
ತುಂಬಿದ ಕೊಡ ಎದುರು ಬಂದರ ಛಲೋ ಅಂತ
ಕೇಳಿ ಬೆಳದಾಕಿ.
ಮರಿ ಪರಾತದಾಗ ಕಾಲಿಟ್ಟು ಕುಡದವು,
ಕುಡದು ಹೇತವು,
ಹೇತದ್ದರಾಗ ಕೆದರಿದವು,
ಕೆದರಿದ್ದನ್ನ ಹೆಕ್ಕಿದವು.

ಇಪ್ಪತ್ತೆರಡನೇ ದಿನ ಮುಂಜಾನೆ
ಬಲ್ಬಿನ ಬುಡಕ ಹತ್ತು ಹನ್ನೆರಡು ಮರಿ
ರೆಕ್ಕಿ ಜೋಲುಬಿಟ್ಟು, ಪುಕ್ಕ ಕೆದರಿ,
ಕಣ್ಣು ಮುಚ್ಚಿ ಒಂದಕ್ಕೊಂದು ಆತು ನಿಂತಿದ್ದವು.
ಸಿಪ್ಪಿ ಮ್ಯಾಲ ಕೆಂಪು.

ಮೇವಿನ ಬಣ್ಣ ಇರಬೇಕು ಅಂದೆ.
ಅತ್ತಿ ಕುಣಿ ದಂಡಿಗೆ ಕುಂತು ಬಗ್ಗಿ ನೋಡಿದಳು.
ನಲವತ್ತು ವರ್ಷ ನೂಲಿಗೆ ಬಣ್ಣ ಕಟ್ಟಿದಾಕಿ,
ದಾಳಿಂಬರ ಕೆಂಪು ಬ್ಯಾರೆ, ಕುಂಕುಮ ಕೆಂಪು ಬ್ಯಾರೆ ಅಂತ
ಚಿಮಣಿ ಬೆಳಕಿನಾಗೂ ಹೇಳಾಕಿ.
"ಇದು ಹಾಕಿದ ಬಣ್ಣ ಅಲ್ಲವ್ವ.
ಬಿಟ್ಟ ಬಣ್ಣ. ಒಳಗಿಂದ ಬಿಡಾಕ ಹತ್ತೈತಿ."

ಪಶು ದವಾಖಾನಿ ಹುಚ್ಚೇಶ ಬಂದ.
ಸತ್ತದ್ದೊಂದನ್ನ ಬ್ಲೇಡಿಲೆ ಸೀಳಿ ತೋರಿಸಿದ:
ಕರುಳಿನ ತುದಿಗೆ ಎರಡು ಕುರುಡು ಚೀಲ,
ಕೆಂಪು ನೂಲು ಸುತ್ತಿದ ಕಂಡಿಕಿಯಂಗ ಉಬ್ಬಿದ್ದವು.
"ರಕ್ತಭೇದಿ. ಕಾಕ್ಸಿಡಿಯಾ ಅಂತೀವಿ. ಕಣ್ಣಿಗೆ ಕಾಣಂಗಿಲ್ಲ.
ಹಸಿ ಹಾಸು, ಬೆಚ್ಚನ್ನ ಜಾಗಾ ಸಿಕ್ಕರ
ಎರಡು ದಿನದಾಗ ಕೊಲ್ಲಾಕ ತಯಾರು.
ನೀರು ಚೆಲ್ಲಿದವರು ಯಾರು?"
ಸೆರಗಿಗೆ ಕೈ ಒರಸಿಕೊಂಡೆ.
ಕೈಯಾಗ ಏನೂ ಇರಲಿಲ್ಲ.

ಹೊಕ್ಕು ಎಲ್ಲಿ ಅಂದಿದ್ದಳು ಅತ್ತಿ.
ಹೊಕ್ಕಿತ್ತು.

ಆಂಪ್ರೋಲಿಯಂ ಪುಡಿ, ಚೀಟಿ ಮ್ಯಾಲ ಅಳತಿ,
ಐದು ದಿನ, ಬ್ಯಾರೆ ನೀರು ಇಡಬ್ಯಾಡ.
ಪಾಪ ಸೊರಗ್ಯಾವು, ಟಾನಿಕ್ ಕೊಡಲೇನು ಅಂದೆ.
"ತಡಿ. ಈ ಪುಡಿ ಆ ಜೀವಕ್ಕ ತನ್ನ ಅನ್ನದಂಗ ಕಾಣತೈತಿ,
ಅನ್ನ ಅಂತ ತಿಂದು ಉಪವಾಸ ಸಾಯತೈತಿ.
ನೀ ಖರೇ ಅನ್ನ ಇಟ್ಟರ ಅದಕ್ಕೂ ಉಣಿಸಿದಂಗ."
ಪ್ರೀತಿಗೂ ಒಂದು ಅಳತಿ ಚಮಚ ಐತಿ ಅಂತ
ನನಗ ಯಾರೂ ಹೇಳಿರಲಿಲ್ಲ.

ರಾತ್ರೋರಾತ್ರಿ ಹಸಿ ಹಾಸು ಗೋರಿ
ಗುಡ್ಡದ ಬುಡಕ ಹೂತೆವು.
ಕುಣಿಗೆ ಸುಣ್ಣ, ಮ್ಯಾಲ ಒಣ ಸಿಪ್ಪಿ.
ನೂರಜಾನಬಿ ತನ್ನ ಪಡಸಾಲಿ ಮೂಲಿ ಬಿಟ್ಟುಕೊಟ್ಟಳು,
ಅರ್ಧ ಮರಿ ಅಲ್ಲಿ.
ಪರಾತ ಅಡಗಿ ಮನಿಗೆ ವಾಪಸ್ ಹೋತು.
ಇಟ್ಟಿಗಿ ಮ್ಯಾಲ, ಮರಿ ಬೆನ್ನೆತ್ತರಕ್ಕ ನೀರಿನ ಡಬ್ಬಿ.

ಮೊದಲನೇ ದಿನ ಏಳು.
ಎರಡನೇ ದಿನ ಒಂಬತ್ತು.
ಮೂರನೇ ದಿನ ಎರಡು, ಒಂದು ನನ್ನ ಮಡಿಲಾಗ.
ನಾಕನೇ ದಿನ
ಯಾವುದೋ ಒಂದು ನನ್ನ ಕಾಲುಂಗುರ ಕುಕ್ಕಿತು,
ಕಾಳು ಅಂತ ತಿಳಿದು.
ಸಣ್ಣಾಗಿ ನೋಯ್ತು. ಕಾಲು ಸರಿಸಲಿಲ್ಲ.

ಈಗ ದಿನಾ ಸಂಜೀಕ
ಒಂದು ಹಿಡಿ ಹಾಸು ಮುಷ್ಟ್ಯಾಗ ಹಿಚುಕಿ ನೋಡತೀನಿ.
ಉಂಡಿ ಆದರ ಹಸಿ. ಉದುರಿದರ ಛಲೋ.
ನಡುರಾತ್ರಿ ಮತ್ತ ನೋಡೂಣು ಅಂತ ಎದ್ದರ
ಅತ್ತಿ ಮೊದಲೇ ಕುಣಿ ದಂಡ್ಯಾಗ ಕುಂತಿರತಾಳ,
ಹಳೇ ರೂಢಿಯಂಗ ಕಾಲು ಇಳಿಬಿಟ್ಟು,
ಮುಷ್ಟಿ ಬಿಗಿದು, ಬೆರಳು ಒಂದೊಂದ ಬಿಚ್ಚಿ,
ಸಿಪ್ಪಿ ಉದುರೂ ಸಪ್ಪಳಕ್ಕ
ಕಿವಿಗೊಟ್ಟು.