ನೀರು ಚೆಲ್ಲದ ಹಾಗೆ

ಮೊದಲು ಕೈಗವಸು. ಒಂದು ಆಮೆಗೆ ಒಂದು ಜೊತೆ,
ಒಂದರ ನೆಗಡಿ ಇನ್ನೊಂದಕ್ಕೆ ಹತ್ತಬಾರದು.
ಆಮೇಲೆ ಮೊಣಕಾಲೂರಿ, ಅದರ ಕಣ್ಣಿನ ಮಟ್ಟಕ್ಕೆ ಇಳಿದು,
ಎರಡೂ ಕೈಯಲ್ಲಿ
ಅಂಚಿನವರೆಗೆ ಸಾರು ತುಂಬಿದ ಬಟ್ಟಲು ಎತ್ತುವ ಹಾಗೆ
ಮಟ್ಟಸವಾಗಿ. ನೆಲದಿಂದ ಹೆಚ್ಚು ಮೇಲಕ್ಕಲ್ಲ.

ಹೆದರಿದರೆ ಉಚ್ಚೆ ಹೊಯ್ದುಬಿಡುತ್ತದೆ.
ನಗಬೇಡ, ಎಂದಳು ಕೊರೀನ್, ಹೊಸ ಹುಡುಗನಿಗೆ.
ಅದು ಉಚ್ಚೆಯಲ್ಲ, ಹೋದ ಮಾರ್ಚಿಯ ಮಳೆ.
ವರ್ಷದ ನೀರನ್ನೆಲ್ಲ ಹೊಟ್ಟೆಯೊಳಗೆ
ಬಚ್ಚಿಟ್ಟುಕೊಂಡು ನಡೆಯುತ್ತದೆ ಇದು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ.
ಈ ಕೊಡ ತುಳುಕುತ್ತದೆ.
ತುಳುಕಿದರೆ ಜುಲೈ ದಾಟುವುದಿಲ್ಲ.

ನೆವಾಡಾದ ಕಣಿವೆಯಲ್ಲಿ ಬೆಳಗಿನ ಐದೂವರೆ.
ಕ್ರಿಯೋಸೋಟ್ ಪೊದೆಗಳ ಬುಡದಲ್ಲಿ ಇನ್ನೂ ರಾತ್ರಿ ಉಳಿದಿದೆ,
ಬಿಲದ ಬಾಯಲ್ಲಿ ಒಂದಿಷ್ಟು ತಣ್ಣನೆ ಮಣ್ಣು.
ಹತ್ತಕ್ಕೆ ಮೂವತ್ತೈದು ಡಿಗ್ರಿ ದಾಟುತ್ತದೆ,
ದಾಟಿದ ಮೇಲೆ ಯಾವ ಆಮೆಯನ್ನೂ ಮುಟ್ಟುವಂತಿಲ್ಲ.
ಬಿಸಿಲಿಗಾಗಿಯೇ ಇಲ್ಲಿಗೆ ಬಂದದ್ದು ಕಂಪನಿ,
ಬಿಸಿಲೇರುವ ಮುಂಚೆ ಎಲ್ಲ ಮುಗಿಸಬೇಕು.
ಬೇಲಿ ಆಗಿದೆ. ಅಳತೆಯ ಗೂಟ ನೆಟ್ಟಾಗಿದೆ.
ಮುಂದಿನ ತಿಂಗಳು ಪೊದೆ ಸವರುವ ಯಂತ್ರಗಳು,
ಆಮೇಲೆ ಏಳು ಸಾವಿರ ಎಕರೆ ನೀಲಿ ಹಲಗೆ,
ಸೂರ್ಯನ ಕಡೆಗೇ ಕತ್ತು ತಿರುಗಿಸುತ್ತ.

ನೀನು ಇಲ್ಲಿಯವಳೇ ಅಲ್ಲವಾ, ಎಂದ ಹುಡುಗ.
ಮುಂದೆ ಕೇಳಬೇಕಾದ್ದನ್ನು ಕೇಳಲಿಲ್ಲ.

ಅವಳು ಸಲಿಕೆಯ ಮಣ್ಣು ಒರೆಸಿದಳು.
ಗುಡ್ಡದಾಚೆ ಕಲ್ಲಿದ್ದಲಿನ ಚಿಮಣಿಯಿತ್ತು.
ಒಣಹಾಕಿದ ಬಿಳಿ ಹಾಸಿಗೆಬಟ್ಟೆ
ಸಂಜೆಗೆ ಬೂದುಬಣ್ಣವಾಗಿ ಮನೆಗೆ ಬರುತ್ತಿತ್ತು.
ಶಾಲೆಯ ಬಾಗಿಲ ಪಕ್ಕದ ಮೊಳೆಗಳಲ್ಲಿ
ಟೋಪಿಗಳ ಜೊತೆ ಮಕ್ಕಳ ಇನ್‌ಹೇಲರುಗಳು,
ಒಂದೊಂದಕ್ಕೂ ಹೆಸರಿನ ಚೀಟಿ.
ಚಿಮಣಿ ಉರುಳಿಸಿದ ದಿನ
ಊರಿಗೆ ಊರೇ ಪಿಕಪ್ಪುಗಳ ಮೇಲೆ ಹತ್ತಿ ಕೂತು ನೋಡಿತು.
ಅರ್ವಿಲ್ಲಾ ದೊಡ್ಡಮ್ಮ ನೋಡಲಿಲ್ಲ.
ಹನ್ನೊಂದು ತಿಂಗಳು ಬೇಗ ಹೋಗಿಬಿಟ್ಟಿದ್ದಳು.

ಗೇಟಿನಲ್ಲಿ ಫಲಕ ಹಿಡಿದು ನಿಂತವನು ವರ್ನಲ್,
ಆ ಅರ್ವಿಲ್ಲಾಳ ಸ್ವಂತ ಮಗ.
ದಿನಾ ಕೊರೀನಳ ಗಾಡಿಗೆ ಅಡ್ಡ ನಿಲ್ಲುತ್ತಾನೆ.
ಮೊದಲು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾನೆ,
ಅವಳು ಕುಡಿಯುವ ತನಕ ಕಾಯುತ್ತಾನೆ,
ಆಮೇಲೆ ಅಡ್ಡ ನಿಲ್ಲುತ್ತಾನೆ.
ಒಂದೇ ಒಂದು ಸಲ ಮಾತಾಡಿದ್ದ:
ಅಮ್ಮನನ್ನು ಕೊಂದದ್ದು ಆ ಹೊಗೆ, ನನಗೇನು ಗೊತ್ತಿಲ್ಲವಾ.
ಆದರೆ ಉಸಿರಾಡಬೇಕು ಅನ್ನಿಸಿದಾಗೆಲ್ಲ
ಅವಳು ಬಂದು ಕೂರುತ್ತಿದ್ದದ್ದು ಇಲ್ಲಿ.

ಅವಳ ಹತ್ತಿರ ಉತ್ತರ ಇರಲಿಲ್ಲ. ಲೋಟ ವಾಪಸು ಕೊಟ್ಟಳು.

ನಲವತ್ತೊಂದನೆಯ ನಂಬರಿನ ಹೆಣ್ಣಾಮೆ,
ಅವಳಿಗಿಂತ ವಯಸ್ಸಿನಲ್ಲಿ ಹಿರಿಯದಿರಬೇಕು,
ಬೆನ್ನಿಗೆ ಅಂಟಿಸಿದ ಪುಟ್ಟ ರೇಡಿಯೋ ಹೊತ್ತು
ಐದು ಮೈಲಿ ಗಾಡಿಯಲ್ಲಿ ಹೋಯಿತು.
ಒಂದು ಹನಿ ಚೆಲ್ಲಲಿಲ್ಲ.
ಹೊಸ ಬಿಲ ಇವರೇ ಅಗೆದು ಕೊಟ್ಟಿದ್ದರು,
ಮುಖ ಪೂರ್ವಕ್ಕೆ, ಎದುರಿಗೆ ಹೂಬಿಟ್ಟ ಕಳ್ಳಿ.
ಅದು ಒಳಗೆ ಇಣುಕಿ ನೋಡಿತು,
ನೆಂಟರ ಮನೆಯ ಹಾಸಿಗೆ ನೋಡುವ ಹಾಗೆ.

ಐದನೆಯ ವಾರ ಸಿಗ್ನಲು ಬೇಲಿಯ ಹತ್ತಿರ ಕೇಳಿಸಿತು.
ಆಂಟೆನಾ ಹಿಡಿದು ಹೋದರೆ
ತಂತಿಯುದ್ದಕ್ಕೂ ಮಣ್ಣಿನಲ್ಲಿ ಒಂದು ಸವೆದ ಗೆರೆ,
ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ,
ಬೀಗ ಹಾಕಿದ ಮನೆಯ ಹಿತ್ತಿಲಲ್ಲಿ
ಬಾಗಿಲಿಗಾಗಿ ತಡಕಾಡಿದಂತೆ.
ಒಳಗೆ ಮೊದಲ ಸಾಲಿನ ಹಲಗೆಗಳು ಎದ್ದಿದ್ದವು.
ಚಂದ ಕಾಣುತ್ತಿದ್ದವು. ಅದನ್ನೂ ಹೇಳಬೇಕು.
ದೂರದಿಂದ ಕೆರೆಯ ಹಾಗೆ.

ಆಮೆ ನಡಿಗೆ ನಿಲ್ಲಿಸಿ ಮುಂಗಾಲಿನಲ್ಲಿ ನೆಲ ಕೆರೆಯುತ್ತಿತ್ತು.
ಬಿಲವಲ್ಲ, ಆಳವಿಲ್ಲದ ಒಂದು ಬೋಗುಣಿ.
ಮಳೆ ಬರುವುದಿದ್ದರೆ ಹಾಗೆ ತೋಡುತ್ತವೆ,
ಬಿದ್ದದ್ದನ್ನು ಹಿಡಿದು ಕುಡಿಯಲು.

ಕೊರೀನ್ ತಲೆಯೆತ್ತಿದಳು. ಒಂದು ಚೂರು ಮೋಡವಿಲ್ಲ.
ಮತ್ತೆ ಆಮೆಯ ಕಡೆ ನೋಡಿದಳು,
ಗಾಡಿಯ ಹತ್ತಿರ ನಡೆದು ಹೋಗಿ
ಎರಡೂ ಕಿಟಕಿಯ ಗಾಜು ಏರಿಸಿದಳು.